ಬಿರುಕು ಹಿಡಿಯುವ ಪುಟ್ಟಮಲ್ಲಮ್ಮ

ಬೆಳಗಿನ ಆರು ಗಂಟೆ. ಹರವೆ ಸಮೀಪದ ಕರಿಕಲ್ಲಿನ ಕ್ವಾರಿಯಲ್ಲಿ ಯಂತ್ರಗಳಿನ್ನೂ ಶುರುವಾಗಿಲ್ಲ. ಐವತ್ತೆರಡರ ಪುಟ್ಟಮಲ್ಲಮ್ಮ ಎತ್ತಿನ ಗಾಡಿಯಷ್ಟು ದೊಡ್ಡ ಕಲ್ಲು ಹತ್ತಿ, ಒಂದು ಕೊಡ ನೀರು ಸುರಿದು, ಹಳೇ ಲುಂಗಿಯಿಂದ ಒರೆಸಿ, ಸುಮ್ಮನೆ ಕಾಯುತ್ತಾರೆ. ಕಲ್ಲೆಲ್ಲ ಒಣಗಿದ ಮೇಲೂ ಒಂದೆಡೆ ಕೂದಲೆಳೆಯಷ್ಟು ತೇವ ಉಳಿಯುತ್ತದೆ. ಅದೇ ಬಿರುಕು. ಅದರ ಮೇಲೆ ಅವರು ಕೆಂಪು ಸೀಮೆಸುಣ್ಣದ ಗೆರೆ ಎಳೆದರೆ ಆ ಕಲ್ಲು ಲಾರಿ ಹತ್ತಬಾರದು ಎಂಬುದು ನಿಯಮ. ಹತ್ತುತ್ತದೆ ಎಂಬುದು ಬೇರೆ ಮಾತು.

ಗಣರಾಜ್ಯೋತ್ಸವದಲ್ಲಿ ಸ್ವದೇಶಿ ತೋಪು ಸಾಗುವಾಗ ನಾವೆಲ್ಲ ಟೀವಿ ಮುಂದೆ ಎದೆಯುಬ್ಬಿಸುತ್ತೇವೆ. ದೇಶ ಬೆಳೆದದ್ದು ಉಕ್ಕಿನಿಂದ, ಕಾರ್ಖಾನೆಗಳಿಂದ ಎಂದು ಭಾಷಣ ಬಿಗಿಯುವವರಿಗೇನೂ ಬರವಿಲ್ಲ. ಆ ತೋಪಿನ ಬಿಡಿಭಾಗಗಳನ್ನು ಕರಾರುವಾಕ್ಕಾಗಿ ಅಳೆಯಲು ಸಮತಟ್ಟಾದ ಮೇಜು ಬೇಕು. ತುಕ್ಕು ಹಿಡಿಯದ, ಬಿಸಿಗೆ ಸುಲಭವಾಗಿ ಹಿಗ್ಗದ ಆ ಮೇಜು ಇಂಥ ಕರಿಕಲ್ಲಿನದು ಎಂದು ಒಬ್ಬರಾದರೂ ಹೇಳಿದ್ದಾರೆಯೇ? ನನಗೂ ಗೊತ್ತಿರಲಿಲ್ಲ. ನಾಚಿಕೆಯಾಗುತ್ತದೆ.

ಮೊದಲು ಈ ಕೆಲಸ ಅವರ ಗಂಡ ಮೂಗಯ್ಯನವರದು. ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ ಕಲ್ಲಿನ ಗುಣ ಹೇಳುತ್ತಿದ್ದರು. ಕಲ್ಲು ಕೊರೆಯುವ ಕಂಪ್ರೆಸರ್ ಗದ್ದಲಕ್ಕೆ ಕಿವಿ ಹೋಯಿತು. "ಅವ್ರ ಕಿವಿ ಓದ್ಮೇಲೆ ನಾನು ಕಣ್ಣಲ್ಲಿ ಕಲ್ತೆ ಕಣಪ್ಪ" ಎನ್ನುತ್ತಾರೆ. ಹತ್ತೊಂಬತ್ತು ವರ್ಷ, ದಿನಕ್ಕೆ ಏಳೆಂಟು ಕಲ್ಲು, ಎಲ್ಲ ಮಗ್ಗುಲಿಗೂ ಸೇರಿ ಮೂವತ್ತು ಕೊಡ ನೀರು. ಹಾಜರಿ ಪುಸ್ತಕದಲ್ಲಿ ಮಾತ್ರ ಇವರು 'ಕಲ್ಲು ತೊಳೆಯುವವಳು'!

ಹೋದ ತಿಂಗಳು ಇವರು ಬೇಡವೆಂದ ಕಲ್ಲೊಂದನ್ನು ಮೇಲ್ವಿಚಾರಕ ಗಿರೀಶ್ ಗೆರೆ ಅಳಿಸಿ ಕಳುಹಿಸಿದರು. ಗರಗಸಕ್ಕೆ ಕೊಟ್ಟ ಕೂಡಲೇ ಎರಡು ಹೋಳು. ಬೈಗುಳ ಯಾರಿಗೆ? ಇವರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇನ್ನೊಂದು ಕಲ್ಲು ಒಡೆದರೆ ಕೆಲಸವಿಲ್ಲ ಎಂದೂ ಹೇಳಿದ್ದಾರಂತೆ.

ಇಂದೂ ಅದೇ ಕತೆ. "ಲಾರಿ ಕಾಯ್ತಾ ಅದೆ, ಅದು ಬಿರುಕಲ್ಲ ಬುಡಮ್ಮ" ಎಂದು ಗಿರೀಶ್ ಗೆರೆ ಒರೆಸುತ್ತಾರೆ. ಪುಟ್ಟಮಲ್ಲಮ್ಮ ಮತ್ತೆ ಎಳೆಯುತ್ತಾರೆ. ಅವರು ಮತ್ತೆ ಒರೆಸುತ್ತಾರೆ. ಈಕೆ ಮೂರನೆಯ ಸಲ ಎಳೆದು, ಸೆರಗು ಸಿಕ್ಕಿಸಿ, ಕಲ್ಲಿನ ಮೇಲೇ ಕುಳಿತುಬಿಡುತ್ತಾರೆ.

"ನನ್ನೂ ಸೇರ್ಸಿ ಕ್ರೇನಲ್ಲಿ ಎತ್ಸಿ ಗಿರೀಶಪ್ಪ. ಒಡುದ್ಮೇಲೆ ಎಂಗೂ ನನ್ನೇ ತಾನೆ ಬಯ್ಯದು?"

ಗಿರೀಶ್ ಸಿಡಿಮಿಡಿಗೊಂಡು ಗೆರೆ ತೊಳೆದು, ತಾವೇ ಒಂದು ಕೊಡ ನೀರು ಸುರಿಯುತ್ತಾರೆ. ಹತ್ತು ನಿಮಿಷದಲ್ಲಿ ಉಳಿದ ಕಲ್ಲೆಲ್ಲ ಒಣಗುತ್ತದೆ. ಗೆರೆ ಇದ್ದಲ್ಲೇ ತೇವ ಎದ್ದು ಕಾಣುತ್ತದೆ. "ಬೇರೆ ಕಲ್ ಎತ್ರಲಾ" ಎಂದು ಕ್ರೇನಿನವರಿಗೆ ಕೂಗಿ, ಇವರತ್ತ ತಿರುಗುತ್ತಾರೆ: "ಇದ್ನ ಮೊದ್ಲೇ ಸರ್ಯಾಗಿ ಯೋಳ್ಬಾರ್ದಾ?"

ನನಗೆ ಮೈ ಉರಿಯುತ್ತದೆ. ಪುಟ್ಟಮಲ್ಲಮ್ಮ ಹಣೆ ಚಚ್ಚಿಕೊಳ್ಳುತ್ತಾರೆ. ಇಷ್ಟೆಲ್ಲ ಯಾಕೆ ಸಹಿಸುತ್ತೀರಿ, ತೋಪು ಅಳೆಯುವ ಮೇಜು ಕೆಡಬಾರದೆಂದೇ, ಸುಮ್ಮನೆ ಕಳಿಸಿಬಿಡಬಾರದೇ ಎಂದು ಕೇಳುತ್ತೇನೆ.

"ತೋಪು ಗೀಪು ನನ್ಗೇನ್ ಗೊತ್ತಪ್ಪ? ಬಿರುಕಿರೋ ಕಲ್ಲ ಚೆಂದಾಗಿ ಅದೆ ಅಂತ ನನ್ ಬಾಯಲ್ಲಿ ಇವತ್ಗಂಟ ಬಂದಿಲ್ಲ. ಕೆಲ್ಸ ಬುಡ್ಸುದ್ರೆ ಬುಡ್ಸ್ಲಿ, ಆ ಮಾತ್ನ ಮಾತ್ರ ಯೋಳಕಿಲ್ಲ."