ಮುನ್ನೂರು ಪ್ಯಾಂಟಿನ ಮರಿಸ್ವಾಮಿ

ಟೈಲರ್ ಮರಿಸ್ವಾಮಿ ಬಾಯಿ ಬಿಡುವ ಮೊದಲೇ ಅವನ ಪ್ಯಾಂಟು ಬಾಯಿ ಬಿಟ್ಟಿತು. ಪಾಂಡವಪುರದ ಕಾನ್ವೆಂಟೊಂದರ ಆಫೀಸಿನಲ್ಲಿ, ಕೈ ಜಾರಿ ಬಿದ್ದ ಅಳತೆ ಟೇಪು ಎತ್ತಿಕೊಳ್ಳಲು ಬಗ್ಗಿದ್ದಷ್ಟೇ. ಪರ್ ಎಂಬ ಸದ್ದಿಗೆ ಕ್ಲರ್ಕ್ ರಂಜಿತ ಕಂಪ್ಯೂಟರಿನಿಂದ ತಲೆ ಎತ್ತಿದಳು. ಮರಿಸ್ವಾಮಿ ಮೆಲ್ಲಗೆ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟ. ಬೆನ್ನಿಗಿಂತ ಕೊಂಚ ಕೆಳಗಿನದನ್ನೂ ಕೊಟ್ಟ.

ಬಂದದ್ದು ಯೂನಿಫಾರಂ ಆರ್ಡರಿಗೆ. ಮುನ್ನೂರು ಪ್ಯಾಂಟು, ಶಾಲೆ ಶುರುವಾಗುವ ದಿನಕ್ಕೆ ಸರಿಯಾಗಿ. ಸಿಕ್ಕರೆ ಅಂಗಡಿ ಉಳಿಯುತ್ತದೆ. ಸಿಗದಿದ್ದರೆ ಇಪ್ಪತ್ತೆಂಟು ವರ್ಷ ತುಳಿದ ಮಿಷನ್ನಿಗೆ ಮುಸುಕು ಹಾಕಿ ಊರಿಗೆ ಹೊರಡಬೇಕು. "ಅರಕೆರೆಗೆ ಬಂದ್ಬುಡು ಕಣ್ಲಾ, ಎಮ್ಮೆಗೆ ಅಳತೆ ಹಿಡಿಯೋ ಕಷ್ಟ ಇಲ್ಲ," ಎಂದು ಅಣ್ಣ ಆಗಲೇ ಹೇಳಿಯಾಗಿತ್ತು.

ಮೇಜಿನ ಆಚೆ ಕೂತಿದ್ದ ಪ್ರಿನ್ಸಿಪಾಲ್ ಪ್ರಮೀಳಾ ಇಂಗ್ಲಿಷ್ ಮೇಡಂ. ಅವನ ಮುಜುಗರ ಹಗುರಾಗಲೆಂದು ಪಾಠ ಶುರು ಮಾಡಿದರು. "ಬೇಜಾರು ಮಾಡ್ಕೋಬೇಡಿ, ಪ್ಯಾಂಟ್ ಅನ್ನೋ ಪದಾನೇ ನಗೆಪಾಟಲಿಂದ ಬಂದಿದ್ದು. ಇಟಲಿಯ ಹಳೇ ನಾಟಕಗಳಲ್ಲಿ ಒಬ್ಬ ಜುಗ್ಗ ಮುದುಕ ಬರ್ತಿದ್ದ, ಕಾಲಿಗಂಟೋ ಉಡುಪು ಹಾಕ್ಕೊಂಡು. ನೋಡಿದ್ರೆ ಸಾಕು, ಜನ ನಗೋರು. ಅವನ ಹೆಸರೇ ಉಡುಪಿಗೂ ಅಂಟ್ಕೊಂಡು ಇಂಗ್ಲಿಷಲ್ಲಿ ಪ್ಯಾಂಟಲೂನ್ ಆಯ್ತು. ಅದು ತುಂಡಾಗಿ ಪ್ಯಾಂಟ್ಸ್. ಇಂಗ್ಲೆಂಡಲ್ಲಿ ಈಗ ಪ್ಯಾಂಟ್ಸ್ ಅಂದ್ರೆ ಒಳಚಡ್ಡಿ."

"ಅಂಗಾರೆ ಇಂಗ್ಲೆಂಡ್ ಲೆಕ್ಕದಲ್ಲಿ ನಂದು ಸರಿಯಾಗೇ ಕಾಣ್ತಾ ಅದೆ ಬುಡಿ."

ರಂಜಿತ ಬಾಯಿಗೆ ಕೈ ಅಡ್ಡ ಇಟ್ಟಳು.

ಗೋಡೆ ಬಿಟ್ಟು ಕದಲುವಂತಿರಲಿಲ್ಲ. ನಿಂತಲ್ಲಿಂದಲೇ ಕೈ ಚಾಚಿ ಸ್ಯಾಂಪಲ್ ಪ್ಯಾಂಟನ್ನು ಮೇಜಿಗೆ ಹಾಕಿದ. ಮೇಡಂ ಅದರ ಒಳಮಗ್ಗುಲು ತಿರುವಿ ನೋಡಿದರು. ಸೊಂಟದ ಹಿಂದೆ ಎರಡು ಬೆರಳು, ಕಾಲಿನ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಮಡಚಿ ಉಳಿಸಿದ್ದ.

"ಮಕ್ಳು ಬೆಳೀತಾವಲ್ಲ ಮೇಡಂ. ಹೊಲಿಗೆ ಬಿಚ್ಚುದ್ರೆ ಇನ್ನೊಂದು ವರ್ಸ ಬತ್ತದೆ."

ಇದೇ ಆರ್ಡರಿಗೆ ಬಂದಿದ್ದ ಮೈಸೂರಿನ ರೆಡಿಮೇಡಿನವರು ತೋರಿಸಿ ಹೋದ ಪ್ಯಾಂಟಿನಲ್ಲಿ ಉಗುರಿನಷ್ಟೂ ಬಟ್ಟೆ ಉಳಿಸಿರಲಿಲ್ಲ. ಮೇಡಂ ಪೆನ್ನಿನ ಕ್ಯಾಪ್ ತೆಗೆದು ಆರ್ಡರ್ ಹಾಳೆ ಎಳೆದುಕೊಂಡರು. ಮರಿಸ್ವಾಮಿ ಉಸಿರು ಬಿಗಿಹಿಡಿದ. ಬಿಟ್ಟರೆ ಇನ್ನಷ್ಟು ಹರಿದೀತೆಂಬ ಭಯವೂ ಇತ್ತು.

ಅಷ್ಟರಲ್ಲಿ ಪಿನ್ನು ಕೊಡಲು ಹತ್ತಿರ ಬಂದ ರಂಜಿತಳ ಕಣ್ಣಿಗೆ ಅವನ ಸೊಂಟಪಟ್ಟಿಯ ಮಗ್ಗುಲಿಗಿದ್ದ ಕಂಪನಿ ಚೀಟಿ ಬಿತ್ತು. "ಮೇಡಂ, ಇವರು ಹಾಕ್ಕೊಂಡಿರೋದೇ ರೆಡಿಮೇಡು."

ಪೆನ್ನು ಅಲ್ಲೇ ನಿಂತಿತು. "ಟೈಲರ್ ಆಗಿ ನೀವೇ ರೆಡಿಮೇಡ್ ಹಾಕೋದ್ಯಾಕೆ, ಮರಿಸ್ವಾಮಿ?"

ಅವನು ಒಂದು ಸುಳ್ಳಿಗಾಗಿ ತಡಕಾಡಿದ. ಹಿಂದೆ ಗೋಡೆ, ಎದುರಿಗೆ ಇಂಗ್ಲಿಷ್ ಮೇಡಂ. ಸುಳ್ಳು ಒಳಗೆ ಬರಲು ದಾರಿಯೇ ಇರಲಿಲ್ಲ.

"ನನ್ ಪ್ಯಾಂಟಿನ ಬಟ್ಟೇನೂ ಓದ್ ವರ್ಸದ ಯುಗಾದೀಲೇ ಕತ್ತರಿಸಿ ಮಡಗಿವ್ನಿ ಮೇಡಂ," ಎಂದ. "ದಿನಾ ನಾಳೆ ಕೊಡ್ತೀನಿ ಅಂತ ನಂಗೇ ಯೋಳ್ಕತಾವ್ನಿ."