ದೇವೀರಮ್ಮನ ಹಣೆ

ಈಗ ಮತ್ತೆ ಯುದ್ಧ ನಡೆಯುತ್ತಿದೆ. ಇವತ್ತು ಬೆಳಿಗ್ಗೆ ಬಣಕಲ್ಲಿನ ರಸ್ತೆಯಲ್ಲಿ ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸಿಗೆ ಕಾಯುತ್ತಿದ್ದಾಗ, ರಜೆಗೆ ಬಂದಿದ್ದ ಸಿಪಾಯಿಯೊಬ್ಬ ಪಕ್ಕದಲ್ಲಿ ಬಂದು ನಿಂತ. ಮಂಜಿಗೆ ತೇವವಾದ ಮಿಲಿಟರಿ ಕೋಟಿನ ವಾಸನೆ, ಮೇಲೆ ಬೀಡಿಯ ಹೊಗೆ. ಈ ಎರಡು ಸೇರಿದರೆ ನನಗೆ ಪಕ್ಕದ ಮನೆಯ ಹಿರಿಯಣ್ಣನೇ ಬಂದು ನಿಂತಂತೆ. ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ. ನನ್ನ ಇಂಥ ಕೆಲಸಗಳಿಗೆ ಮನೆಯಲ್ಲಿ ಅರಳುಮರಳು ಎಂಬ ಹೆಸರಿದೆ.

ಹಿಂದಿನ ದೊಡ್ಡ ಯುದ್ಧಕ್ಕೆ ನಮ್ಮ ಬೀದಿಯಿಂದ ಹೋದವನು ಹಿರಿಯಣ್ಣನೊಬ್ಬನೇ. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಎಸ್ಟೇಟಿನ ಕಾಫಿ ಮೂಟೆಗಳನ್ನು ಎತ್ತುಗಳ ಮೇಲೆ ಹೇರಿ ಘಟ್ಟ ಇಳಿಸುತ್ತಿದ್ದವನು. ಅವನ ಕೈಚಳಕ ನೋಡಿ ದೊರೆಗಳು ಸಮುದ್ರದಾಚೆಯ ಬಸ್ರಾಕ್ಕೆ ಕಳಿಸಿದರು. ಅಲ್ಲಿಯೂ ಅದೇ ಕೆಲಸ, ಎತ್ತಿನ ಬದಲು ಹೇಸರಗತ್ತೆ. ಮನೆಯಲ್ಲಿ ಮುದಿ ತಾಯಿ, ಹೆಂಡತಿ ದೇವೀರಮ್ಮ, ಇನ್ನೂ ನಡೆಯಲು ಕಲಿಯುತ್ತಿದ್ದ ಒಬ್ಬಳು ಮಗಳು ಉಳಿದರು.

ನಮ್ಮಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನಿ’ ಎನ್ನುತ್ತಾರೆ. ಹೋದ ಎಂದರೆ ಸತ್ತ ಎಂದೂ ಆಗುತ್ತದಲ್ಲ, ಅದಕ್ಕೆ. ಇಷ್ಟು ಜಾಗ್ರತೆಯ ಜನ ಆ ಮಾತಿನಲ್ಲೇ ಎಡವಿಬಿದ್ದೆವು. ಯುದ್ಧ ಮುಗಿಯುವ ಹೊತ್ತಿಗೆ ಬಾಳೂರಿನ ಸಿಪಾಯಿಯೊಬ್ಬ ಜ್ವರದ ಮೈಯಲ್ಲಿ, ಎತ್ತಿನ ಗಾಡಿಯಲ್ಲಿ ನಮ್ಮ ಬೀದಿ ಹಾದು ಊರಿಗೆ ಹೊರಟಿದ್ದ. ಹಿರಿಯಣ್ಣನ ತಾಯಿ ಗಾಡಿ ನಿಲ್ಲಿಸಿ ಮಗನನ್ನು ಕೇಳಿದಳು.

“ಹಿರಿಯಣ್ಣನಾ? ಅವ್ನು ಹೋದ ಅವ್ವಾ,” ಎಂದ ಅವನು.

ಹೇಸರಗತ್ತೆಗಳ ಜೊತೆ ಇನ್ನೂ ಮುಂದಕ್ಕೆ ಹೋದ ಎಂದು ಹೇಳಲಿದ್ದ, ಅದು ನಮಗೆ ಹೊಳೆದದ್ದು ಬಹಳ ತಡವಾಗಿ. ಮುದುಕಿ ಎದೆ ಬಡಿದುಕೊಂಡು ಕೂಗಿದ ಮೇಲೆ ಉಳಿದ ಮಾತು ಯಾರಿಗೆ ಕೇಳಬೇಕು? ಬಾಳೂರು ಮುಟ್ಟಿದ ವಾರದಲ್ಲೇ ಅವನೂ ಆ ಜ್ವರಕ್ಕೆ ತುತ್ತಾದ. ಸರ್ಕಾರದಿಂದ ಕಾಗದ ಬರಲಿಲ್ಲವೇ ಎಂದು ನೀವು ಕೇಳಬಹುದು. ಹಿರಿಯಣ್ಣ ಬದುಕಿದ್ದಾನೆ ಎಂದಾದರೂ ಯಾವತ್ತು ಕಾಗದ ಬಂದಿತ್ತು?

ತಿಥಿ ಮಾಡಿದರು. ದೇವೀರಮ್ಮನ ಬಳೆ ಒಡೆದದ್ದು ಗೋಡೆಯ ಈಚೆಗೆ ನಮಗೆ ಕೇಳಿಸಿತು. “ಹೆಣ ಕಾಣ್ದೆ ನಾನು ತೆಗೆಯಲ್ಲ, ಬಿಡ್ರೇ!” ಎಂದು ಅವಳು ಕೂಗುತ್ತಿದ್ದಳು. ಹೆಂಗಸರು ಅವಳನ್ನು ಅದುಮಿ ಹಿಡಿದು ಶಾಸ್ತ್ರ ಮುಗಿಸಿದರು. ಬಳೆಯ ಚೂರು ಹೊಕ್ಕು ಮಣಿಕಟ್ಟಿನ ಗಾಯ ಬಹಳ ದಿನ ಕೀವಾಗಿತ್ತು. ನನ್ನ ಹೆಂಡತಿಯೇ ಅರಿಶಿನ ಅರೆದು ಕಟ್ಟುತ್ತಿದ್ದಳು.

ಮರುವರ್ಷ ಕಾಫಿ ಕೊಯ್ಲಿನಲ್ಲಿ ಹಿರಿಯಣ್ಣ ಬಂದ. ಚಿಕ್ಕಮಗಳೂರಿನಿಂದ ವಸ್ತಾರೆಯ ದಾರಿ ಹಿಡಿದು ನಡೆದೇ ಬಂದಿದ್ದ. ತಿಥಿಯಾದವನು ಹಾಗೆಲ್ಲ ಒಳಗೆ ನುಗ್ಗುವಂತಿಲ್ಲ. ಮತ್ತೆ ಹುಟ್ಟಿಯೇ ಬರಬೇಕು ಎಂದರು ಪುರೋಹಿತರು. ಮೀಸೆ ಹೊತ್ತ ಆ ಗಂಡಸನ್ನು ತಾಯಿಯ ಮಡಿಲಲ್ಲಿ ಮಲಗಿಸಿ, ಬಟ್ಟೆ ಮುಚ್ಚಿ, ನೀರು ಹುಯ್ದು, ಕಿವಿಯಲ್ಲಿ ಹೊಸ ಹೆಸರು ಉಸುರಿದರು. ಯಮನಿಗೆ ಅಸಹ್ಯವಾಗಲಿ ಎಂದು ತಿಪ್ಪಣ್ಣ ಎಂಬ ಹೆಸರು, ನಮ್ಮ ಬಾಯಲ್ಲಿ ಮಾತ್ರ ಅವನು ಹಿರಿಯಣ್ಣನೇ. ನಾವೆಲ್ಲ ನಕ್ಕೆವು. ಮಡಿಲಿನಲ್ಲಿದ್ದ ಅವನೂ ನಕ್ಕ.

ಇನ್ನು ಉಳಿದದ್ದು ತಾಳಿ ಕಟ್ಟುವುದು. ಹೊಸದಾಗಿ ಹುಟ್ಟಿದವನು ಹೆಂಡತಿಯನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕು. ಮುದುಕಿ ಹಸಿರು ಬಳೆ, ಕುಂಕುಮ ಎಲ್ಲ ತಟ್ಟೆಯಲ್ಲಿಟ್ಟು ಸೊಸೆಯನ್ನು ಕರೆದಳು. ದೇವೀರಮ್ಮ ಅಡಿಗೆಮನೆಯ ಬಾಗಿಲಲ್ಲೇ ನಿಂತಳು.

“ಬೇಕಂದಾಗ ಸಾರ್ಸಿ, ಬೇಡಂದಾಗ ಕೆರೆಯಕ್ಕೆ ನನ್ ಹಣೆ ಎಂತ ಕಣದ ನೆಲನಾ? ಅವತ್ತು ಬೇಡ ಬೇಡ ಅಂತ ಬಡ್ಕಂಡೆ. ಒಬ್ರು ಕೇಳಿದ್ರಾ?”

ಎರಡು ದಿನಕ್ಕೆ ಸಿಟ್ಟು ಇಳಿಯುತ್ತದೆ ಎಂದುಕೊಂಡೆವು. ಇಳಿಯಲಿಲ್ಲ. ಗಂಡನಿಗೆ ಹೊತ್ತುಹೊತ್ತಿಗೆ ಬಡಿಸಿದಳು, ಅವನಿಗೆ ಚಳಿಜ್ವರ ಬಂದರೆ ತಲೆದೆಸೆಯಲ್ಲಿ ಕೂತಳು, ಕುಂಕುಮ ಮಾತ್ರ ಇಡಲಿಲ್ಲ. ಬೋಳು ಹಣೆಯ ಹೆಂಡತಿ ನೀರಿಗೆ ಹೋಗಿಬರುವಾಗಲೆಲ್ಲ ಹಿರಿಯಣ್ಣ ಇನ್ನೊಮ್ಮೆ ಸಾಯುತ್ತಿದ್ದ. ಪಾಪ, ಅವನಿಗೆ ಬೇಕಾಗಿದ್ದು ಅದೊಂದೇ, ಊರವರ ಕಣ್ಣಿಗೆ ಬದುಕಿರುವುದು. ಗೋಡೆಯಾಚೆಯಿಂದ ಕೇಳಿಸುತ್ತಿತ್ತು.

“ನಾನು ಇದೀನಲ್ಲೇ ದೇವೀರಿ.”

“ಇದೀರಿ. ಊಟ ಮಾಡಿ.”

ಮಗಳ ಮದುವೆಗಾದರೂ ಸೋಲುತ್ತಾಳೆ ಎಂದು ಕಾದ. ಧಾರೆ ಎರೆಯಲು ಗಂಡ ಹೆಂಡಿರು ಜೋಡಿಯಾಗಿ ಕೂರಬೇಕಲ್ಲ! ದೇವೀರಮ್ಮ ತನ್ನ ಅಣ್ಣ ಅತ್ತಿಗೆಯನ್ನು ಕರೆಸಿ ಧಾರೆ ಎರೆಸಿದಳು, ತಾನು ಅಡಿಗೆಮನೆಯಲ್ಲಿ ಉಳಿದಳು. ಹಿರಿಯಣ್ಣ ಚಪ್ಪರದ ಹೊರಗೆ ದಿಬ್ಬಣದ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ. “ಒಳಗೆ ಬಾ ಮಾರಾಯ,” ಎಂದೆ. “ನೀ ಹೋಗು. ಸತ್ತವ್ನಿಗೆ ಎಂತ ಮದ್ವೆ,” ಎಂದ. ಆಗ ನನಗೆ ಅವಳ ಮೇಲೆ ಕೆಟ್ಟ ಕೋಪ ಬಂದಿತ್ತು. ನನ್ನ ಹೆಂಡತಿಯೊಡನೆ ಹೇಳಿದರೆ ಅವಳು ಕೇಳಿಸದವಳಂತೆ ಉಂಡ ಎಲೆ ತೆಗೆದಳು.

ಹೋದ ವರ್ಷ ದೇವೀರಮ್ಮ ತೀರಿಕೊಂಡಳು. ಗಂಡನಿರುವಾಗಲೇ ಕಣ್ಣು ಮುಚ್ಚಿದವಳು ಮುತ್ತೈದೆ, ಹಾಗೆಯೇ ಕಳಿಸಬೇಕು ಎಂದು ಹೆಂಗಸರು ಹಸಿರು ಸೀರೆ, ಅರಿಶಿನ, ಬಳೆ ತಂದರು. ಒಬ್ಬಾಕೆ ಕುಂಕುಮದ ಬಟ್ಟಲನ್ನು ಹಿರಿಯಣ್ಣನ ಕೈಗೆ ಕೊಟ್ಟು, “ನೀವೇ ಇಡಿ ಅಣ್ಣ, ಇನ್ನೇನು ಬೇಡ ಅಂತಾರಾ?” ಎಂದಳು. ಇಷ್ಟು ವರ್ಷ ಅವನು ಬೇಡಿದ್ದು ಅಂಗೈಯಲ್ಲಿತ್ತು. ತಡೆಯುವವರು ಯಾರೂ ಇರಲಿಲ್ಲ.

ಅವನು ಬೆರಳು ಅದ್ದಿದ. ಅವಳ ಹಣೆಯ ತನಕ ಬಗ್ಗಿ, ಹಾಗೇ ನಿಂತ. ಆಮೇಲೆ ಬೆರಳನ್ನು ತನ್ನ ಪಂಚೆಗೆ ಒರೆಸಿಕೊಂಡ.

“ಬೇಡ. ಕೇಳ್ದೆ ಒಂದ್ಸಲ ಮಾಡಿದ್ದು ಸಾಕು,” ಎಂದ. “ಹಿಂಗೇ ಎತ್ತಿ.”

ಹಾಗೆಯೇ ಎತ್ತಿದೆವು.

ಬಸ್ಸು ತಪ್ಪಿಸಿಕೊಂಡು ಮನೆಗೆ ಮರಳಿದಾಗ ನನ್ನ ಹೆಂಡತಿ ಸ್ನಾನ ಮುಗಿಸಿ, ಕನ್ನಡಿಯ ಮುಂದೆ ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ದಿನವೂ ಕಂಡದ್ದೇ. ಅದು ಅವಳಿಗೆ ಇಷ್ಟವೋ ಎಂದು ಕೇಳೋಣವೆನ್ನಿಸಿ ಬಾಗಿಲಲ್ಲಿ ನಿಂತೆ.

“ಎಂತ, ಬಸ್ಸು ಬರ್ಲಿಲ್ವಾ?” ಎಂದಳು, ಕನ್ನಡಿಯಿಂದ ಕಣ್ಣು ತೆಗೆಯದೆ.

ಕೇಳಿದರೆ ಏನು ಉತ್ತರ ಬರುತ್ತದೋ ಎಂದು ಹೆದರಿಕೆಯಾಯಿತು. ಬಸ್ಸು ಬರಲಿಲ್ಲ ಎಂದೆ.