ಅಕ್ಕನ ಡಬ್ಬಿ, ಎದುರುಕಡೆಯ ಸಾಕ್ಷಿ

ನನ್ನ ಓರಗಿತ್ತಿಯ ಮುಂದೆ ಯಾರಾದರೂ ಹಸಿದ ಮುಖ ಮಾಡಿದರೆ ಅವರ ಕಥೆ ಮುಗಿಯಿತು ಎಂದೇ ಲೆಕ್ಕ. ಬೇಡ ಬೇಡ ಎನ್ನುವಷ್ಟರಲ್ಲಿ ತುಂಬಿದ ತಟ್ಟೆ ಕೈಗೆ ಬಂದಿರುತ್ತದೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ಹದಿನಾರು ವರ್ಷದಿಂದ ಸೌಟು ಹಿಡಿದವಳು ಆಕೆ. ಇನ್ನೂರು ರೋಗಿಗಳಿಗೆ ಬಡಿಸಿ ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. ಕರೆಂಟ್ ಬಿಲ್ ಕೊಡಲು ಬಂದವನಿಗೂ ಒಂದು ಬೇಯಿಸಿದ ಮೊಟ್ಟೆ. ಬಾಡಿಗೆ ಹೆಚ್ಚಿಸುತ್ತೇನೆಂದು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಬಂದ ಮನೆಯೊಡತಿ ಒಮ್ಮೆ ಎರಡೆರಡು ಸಲ ಬಡಿಸಿಕೊಂಡು, ಬಂದ ಕೆಲಸವನ್ನೇ ಮರೆತು ಮೆಟ್ಟಿಲಿಳಿದು ಹೋದಳು. ನಾನಾಗಿದ್ದರೆ ಬಾಗಿಲೇ ತೆಗೆಯುತ್ತಿರಲಿಲ್ಲ. ಆಕೆಯನ್ನು ನಾನು ಅಕ್ಕ ಎನ್ನುತ್ತೇನೆ. ಆಕೆಯ ಗಂಡ ನನ್ನ ಗಂಡನ ಅಣ್ಣ, ನನಗೆ ಭಾವ.

ಭಾವ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಇಬ್ಬರ ಮಾತನ್ನೂ ಅಕ್ಕನೇ ಆಡಿಬಿಡುತ್ತಿದ್ದುದರಿಂದ ಅವರಿಗೆ ಅವಕಾಶವೂ ಇರಲಿಲ್ಲ ಅನ್ನಿ. ಎಂಟು ತಿಂಗಳ ಹಿಂದೆ, ಒಂದು ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ, ಅಲ್ಲಿ ಹಬೆಯ ಕೊಳವೆ ಒಡೆಯಿತು. ಹತ್ತಿರ ಇದ್ದವರು ಭಾವ ಒಬ್ಬರೇ. ಸಂಜೆಯ ಹೊತ್ತಿಗೆ ಹೋಗಿಬಿಟ್ಟರು.

ಪರಿಹಾರಕ್ಕೆ ಅರ್ಜಿ ಹಾಕಿದರೆ ಕಾರ್ಖಾನೆಯಿಂದ ಒಂದು ಕಾಗದ ಬಂತು. ಹನ್ನೆರಡೂವರೆಯಿಂದ ಒಂದು ಗಂಟೆವರೆಗೆ ಊಟದ ಬಿಡುವು, ಎಲ್ಲರೂ ಕ್ಯಾಂಟೀನಿನಲ್ಲಿ ಇರಬೇಕಾದ ಸಮಯ. ಮೃತರು ತಮ್ಮಿಷ್ಟಕ್ಕೆ ಬಾಯ್ಲರ್ ಹತ್ತಿರ ಹೋಗಿದ್ದರು, ಕೆಲಸದ ಮೇಲೆ ಇರಲಿಲ್ಲ. ಆದ್ದರಿಂದ ಪರಿಹಾರವಿಲ್ಲ. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕನ ದೊಡ್ಡ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಆ ಹಣ ಬರದಿದ್ದರೆ ಓದು ಅಲ್ಲಿಗೇ ನಿಲ್ಲುತ್ತದೆ. ಅಕ್ಕನಿಗೆ ಚುಚ್ಚಿದ್ದು ಮಾತ್ರ ಬೇರೆ.

"ಕೆಲಸದ ಮೇಲೆ ಇರ್ಲಿಲ್ಲ ಅಂತಾರಲ್ಲೇ! ಮದುವೆ ದಿನಾನೂ ಒಂದ್ಸಲ ಹೋಗಿ ಬಾಯ್ಲರ್ ನೋಡ್ಕೊಂಡು ಬರ್ತೀನಿ ಅಂದಿದ್ದ ಮನುಷ್ಯ ಕಣೇ!"

ಭಾವ ಒಂದು ದಿನವೂ ಕ್ಯಾಂಟೀನಿನಲ್ಲಿ ಉಂಡವರಲ್ಲ ಎಂದು ಅಕ್ಕ ಹೇಳಿದಳು. ಹೆಂಡತಿಯ ಮಾತು ಸಾಲದು, ಕಣ್ಣಾರೆ ಕಂಡವರು ಬೇಕು ಎಂದರು ಕಾರ್ಮಿಕ ಕಚೇರಿಯವರು. ಭಾವನ ಜೊತೆ ಕೆಲಸ ಮಾಡಿದವರ ಮನೆಗಳಿಗೆಲ್ಲ ಅಲೆದೆವು. ವಿಚಾರಣೆಯ ದಿನಕ್ಕೆ ಸರಿಯಾಗಿ ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಬೆನ್ನುನೋವು, ಮತ್ತೊಬ್ಬನಿಗೆ ಹೆಂಡತಿಯ ತಂಗಿಯ ನಿಶ್ಚಿತಾರ್ಥ. ನಮ್ಮ ಕಡೆ ಸಾಕ್ಷಿ ಸೊನ್ನೆ.

ಎದುರುಕಡೆಗೆ ಮಾತ್ರ ಒಬ್ಬ ಇದ್ದ, ಇನ್ನೊಂದು ಪಾಳಿಯ ಬಾಯ್ಲರಿನವನು. ನರೆತ ಮೀಸೆ, ನಿವೃತ್ತಿಗೆ ಒಂದೇ ವರ್ಷ ಬಾಕಿ. ವಿಚಾರಣೆಯ ಬೆಳಿಗ್ಗೆ, ತೀರ್ಪು ಕೊಡಬೇಕಾದ ಅಧಿಕಾರಿ ಮೇಡಂ ಮುಂದೆ ಕೂತು, ಮೇಜಿನ ಕಾಲನ್ನೇ ನೋಡುತ್ತ, "ಊಟಕ್ಕೆ ಎಲ್ಲಾರೂ ಕ್ಯಾಂಟೀನಿಗೇ ಹೋಗ್ತೀವಿ" ಎಂದು ಗಿಳಿಪಾಠ ಒಪ್ಪಿಸಿದ. ಕಾರ್ಖಾನೆಯ ವಕೀಲ ತೃಪ್ತಿಯಿಂದ ಟೈ ಸರಿಮಾಡಿಕೊಂಡ. ಅಷ್ಟರಲ್ಲಿ ಗಂಟೆ ಒಂದಾಯಿತು. ಉಳಿದದ್ದು ಊಟವಾದ ಮೇಲೆ ಎಂದರು ಮೇಡಂ.

ಹೊರಗೆ ಉದ್ದನೆಯ ಮೊಗಸಾಲೆ, ಗೋಡೆಗೆ ಆನಿಸಿದ ಮೂರು ಬೆಂಚು, ಬಾಗಿಲ ಮೇಲೊಂದು ಗಡಿಯಾರ. ವಕೀಲ ಕಾರು ಹತ್ತಿ ಹೋಟೆಲಿಗೆ ಹೋದ. ಸಾಕ್ಷಿಯನ್ನು ಕರೆಯಲಿಲ್ಲ. ಆತ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಅಕ್ಕ ಡಬ್ಬಿ ಬಿಚ್ಚಿದವಳು ಅವನ ಕಡೆ ನೋಡಿದಳು. ನನಗೆ ಗೊತ್ತಾಗಿಹೋಯಿತು.

"ಬೇಡ ಅಕ್ಕ. ಅವನು ನಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ಬಂದಿರೋನು."

"ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿದಿಲ್ಲ ಕಣೇ ಆತ, ನಾನು ನೋಡ್ತಾನೇ ಇದ್ದೀನಿ. ತಗೊಳ್ಳಣ್ಣ, ಬ್ರೆಡ್ಡು, ಆಲೂಗಡ್ಡೆ, ಎರಡು ಮೊಟ್ಟೆ ಇದೆ. ಕೂತ್ಕೊಂಡು ತಿನ್ನು."

ಆತ ನಾಚಿಕೊಂಡೇ ಡಬ್ಬಿ ತೆಗೆದುಕೊಂಡ. ಕೂರಲಿಲ್ಲ. ಗಡಿಯಾರಕ್ಕೆ ಎದುರಾಗಿ ನಿಂತು, ಎಡಗೈಯಲ್ಲಿ ಡಬ್ಬಿ ಎದೆಗೆ ಆನಿಸಿಕೊಂಡು ಒಂದು ತುತ್ತು ತಿಂದ, ಕತ್ತೆತ್ತಿ ಗಡಿಯಾರ ನೋಡಿದ. ಇನ್ನೊಂದು ತುತ್ತು, ಮತ್ತೆ ಗಡಿಯಾರ. ಅಕ್ಕ ಬೆಂಚು ತಟ್ಟಿ ತೋರಿಸಿದಳು. ಹೂಂ ಹೂಂ ಎಂದನೇ ಹೊರತು ಮಂಡಿ ಬಾಗಲಿಲ್ಲ. ಅಕ್ಕ ಕಣ್ಣರಳಿಸಿ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ನಗತೊಡಗಿದಳು. ಅಕ್ಕನ ನಗು ಅಂದರೆ ಸಾಮಾನ್ಯವೇ? ಮೊಗಸಾಲೆಯ ಗುಮಾಸ್ತರೆಲ್ಲ ಇಣುಕಿದರು. ಕೈ ತೊಳೆಯಲು ಹೊರಟಿದ್ದ ಮೇಡಮ್ಮೂ ನಿಂತರು.

"ಏನಾಯ್ತಮ್ಮ?"

"ನಮ್ಮನೆಯವರೂ ಥೇಟ್ ಹೀಗೇ ಮೇಡಂ! ಮನೇಲೂ ಗಡಿಯಾರ ನೋಡ್ಕೊಂಡು, ನಿಂತ್ಕೊಂಡೇ ಊಟ. ನಾನು ಕುದುರೆ ಅಂತ ಆಡ್ಕೋತಿದ್ದೆ!"

ಮೇಡಂ ಆತನ ಕಡೆ ತಿರುಗಿದರು. "ಬೆಂಚು ಖಾಲಿ ಇದೆಯಲ್ಲ, ಯಾಕೆ ನಿಂತಿದ್ದೀರಿ?"

ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡು ಆತ ಹೇಳಿದ: "ಅಭ್ಯಾಸ ಮೇಡಂ. ಮೂವತ್ತು ವರ್ಷದಿಂದ ಬಾಯ್ಲರ್ ಮೀಟರ್ ನೋಡ್ತಾನೇ ತಿನ್ನೋದು. ಕೂತರೆ ಮುಳ್ಳು ಕಾಣಲ್ಲ."

ಹೇಳಿದ ಮೇಲೆ ಅರ್ಥವಾಯಿತು, ಪಾಪ. ಬಾಯಿ ಅಗಿಯುವುದನ್ನೇ ಬಿಟ್ಟಿತು.

"ಊಟ ಮುಗಿಸಿ. ಒಳಗೆ ಬಂದು ಇದನ್ನೇ ಹೇಳ್ತೀರೋ ಬೆಳಗಿನದನ್ನೇ ಹೇಳ್ತೀರೋ ಯೋಚನೆ ಮಾಡಿ" ಎಂದು ಮೇಡಂ ಹೋದರು.

ಈಗ ಕಾಲು ಹಿಡಿ, ಅಳು, ಬೇಡಿಕೋ ಎಂದು ನಾನು ಅಕ್ಕನ ಪಕ್ಕೆ ತಿವಿದೆ. ಅಕ್ಕ ಆತನಿಗೆ ನೀರು ಕೊಟ್ಟಳು. "ಸಾಕ್ಷಿ ಹೇಳ್ಲಿ ಅಂತ ಊಟ ಕೊಟ್ಟಿಲ್ಲಣ್ಣ. ನಿನಗೂ ಮನೆ ಇದೆ, ಒಂದು ವರ್ಷ ಕೆಲಸ ಇದೆ. ಮೊಟ್ಟೆ ಬಿಡ್ಬೇಡ." ಇಂಥವಳನ್ನು ಕಟ್ಟಿಕೊಂಡು ನಾನು ಯಾವ ಕೇಸು ಗೆಲ್ಲಲಿ!

ಎರಡು ಗಂಟೆಗೆ ಒಳಗೆ ಹೋದೆವು. ಆತ ಕುರ್ಚಿಯ ತುದಿಯಲ್ಲಿ ಕೂತ. ವಕೀಲ ಕೆಮ್ಮಿದ. ಆತ ಆ ಕಡೆ ನೋಡಲೇ ಇಲ್ಲ.

"ಬೆಳಿಗ್ಗೆ ಹೇಳಿದ್ದು ಸುಳ್ಳು ಮೇಡಂ. ಬಾಯ್ಲರಿನವರಿಗೆ ಬಿಡುವು ಅನ್ನೋದು ಪುಸ್ತಕದಲ್ಲಿ ಮಾತ್ರ. ಬೆಂಕಿ ಉರೀತಿರೋವಾಗ ಬಿಟ್ಟು ಹೋಗೋ ಹಾಗಿಲ್ಲ."

"ತೀರಿಹೋದವರೂ ಅಲ್ಲೇ ನಿಂತು ಊಟ ಮಾಡ್ತಿದ್ರಾ?"

"ಅವನಿಗೆ ಕಲಿಸಿದ್ದೇ ನಾನು. ಹೊಸದರಲ್ಲಿ ಎಲ್ಲರ ಜೊತೆ ಕ್ಯಾಂಟೀನಿಗೆ ಹೋಗ್ತೀನಿ ಅಂತಿದ್ದ. ಇಲ್ಲೇ ನಿಂತ್ಕೊಂಡು ತಿನ್ನೋ, ಬಾಯ್ಲರ್ ಬಿಟ್ಟು ಹೋದ್ರೆ ಕೆಲಸ ಹೋಗುತ್ತೆ ಅಂತ ನಾನೇ ಬೈದು ನಿಲ್ಲಿಸಿದ್ದೆ."

ವಕೀಲ ಏನೋ ಹೇಳಲು ಎದ್ದ. ಮೇಡಂ ಕೈಸನ್ನೆಯಲ್ಲೇ ಕೂರಿಸಿ, ಒಂದು ಪುಟ ಪೂರ್ತಿ ಬರೆದು, ಅಕ್ಕನ ಕಡೆ ನೋಡಿದರು. "ನಿಮ್ಮ ಯಜಮಾನರು ಕೆಲಸದ ಮೇಲೇ ಇದ್ರಮ್ಮ. ಹಾಗಂತಲೇ ಬರೆದಿದ್ದೀನಿ. ಪೂರ್ತಿ ಪರಿಹಾರ ಕೊಡಬೇಕು ಅವರು."

ನಾನು ಕುಣಿಯುವುದೊಂದು ಬಾಕಿ. ಹೊರಗೆ ಬಂದರೆ ಆ ಮನುಷ್ಯ ಅಕ್ಕನ ಮುಂದೆ ತಲೆ ತಗ್ಗಿಸಿ ನಿಂತಿದ್ದ.

"ನನ್ನ ಮಾತು ಕೇಳದೆ ಇದ್ದಿದ್ರೆ ಇವತ್ತು ಬದುಕಿರ್ತಿದ್ದ ಕಣಮ್ಮ."

ಅಕ್ಕ ಖಾಲಿ ಡಬ್ಬಿಯ ಮುಚ್ಚಳ ಬಿಗಿಮಾಡಿದಳು. ಆಮೇಲೆ ನಗುತ್ತಲೇ ಶುರುಮಾಡಿದಳು.

"ಅವರು ಯಾರ ಮಾತೂ ಕೇಳೋ ಪೈಕಿ ಅಲ್ಲಣ್ಣ. ಇಪ್ಪತ್ತು ವರ್ಷ ಕೂತು ತಿನ್ನಿ, ಕೂತು ತಿನ್ನಿ ಅಂತ ಬಡ್ಕೊಂಡೆ..."

ಎಂಟು ತಿಂಗಳಿಂದ ಬಂದವರಿಗೆಲ್ಲ ಬಡಿಸುತ್ತ ಓಡಾಡಿಕೊಂಡಿದ್ದ ನನ್ನ ಅಕ್ಕ ಬೆಂಚಿನ ಮೇಲೆ ಕುಸಿದು, ಗುಮಾಸ್ತರು ನೋಡುತ್ತಿದ್ದರೂ ಲೆಕ್ಕಿಸದೆ, ಬಾಯಿಬಿಟ್ಟು ಅತ್ತಳು. ಆತ ಏನು ಮಾಡಬೇಕೆಂದು ತಿಳಿಯದೆ ಅವಳ ಪಕ್ಕದಲ್ಲಿ ಕೂತ.